ದಿನವೂ ಸೊಂಟದಲ್ಲಿಟ್ಟುಕೊಳ್ಳಲು 1911 ಪಿಸ್ತೂಲು: ಯಾವ ಅಳತೆ, ಯಾವ ಗುಂಡು?

ಪ್ರಶ್ನೆ: ನಾನು ಮಡಿಕೇರಿ ಕಡೆಯವನು. ಈಗ ಟೆಕ್ಸಸ್‌ನ ಡಲ್ಲಾಸ್ ಹತ್ತಿರ ಇದ್ದೇನೆ. ಹೋದ ವರ್ಷ ಅಮೆರಿಕದ ಪೌರತ್ವ ಸಿಕ್ಕಿತು. ಊರಲ್ಲಿ ಕೋವಿ ನೋಡಿಕೊಂಡೇ ಬೆಳೆದವನು, ಕೈಲ್ ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುರಿ ಹೊಡೆದವನು. ಪಿಸ್ತೂಲು ಮಾತ್ರ ಹೊಸದು. ಗೆಳೆಯರೊಬ್ಬರ 1911 ಹೊಡೆದು ನೋಡಿದ ಮೇಲೆ ಬೇರೆ ಯಾವುದೂ ರುಚಿಸುತ್ತಿಲ್ಲ. ದಿನವೂ ಜೊತೆಗಿಟ್ಟುಕೊಳ್ಳಲು ಅಂಥದ್ದೇ ಒಂದು ಬೇಕು. ಅಂಗಡಿಯವರು 3 ಇಂಚು ಬ್ಯಾರೆಲ್ಲಿನ (ನಳಿಗೆಯ) ಪುಟ್ಟ .45 (ಗುಂಡಿನ ಅಳತೆ, ಇಂಚಿನಲ್ಲಿ) ತೋರಿಸಿ, 'ಕ್ಯಾರಿ ಮಾಡೋಕೆ ಇದೇ ಸರಿ' ಎಂದರು. ಆಫೀಸಿನ ಸ್ನೇಹಿತ, 'ಹ್ಯಾಮರ್ (ಗುಂಡು ಸಿಡಿಸುವ ಹಿಂದಿನ ಸುತ್ತಿಗೆ) ಎತ್ತಿಟ್ಟುಕೊಂಡು ಓಡಾಡೋದು ಹುಚ್ಚು' ಅನ್ನುತ್ತಾನೆ. ನನ್ನ ಕೈ ಸ್ವಲ್ಪ ಚಿಕ್ಕದು. ಮನೆಯಲ್ಲಿ ಇಬ್ಬರು ಮಕ್ಕಳಿದ್ದಾರೆ. ಎಲ್ಲ ಸೇರಿ 1,500 ಡಾಲರ್ ತನಕ ಖರ್ಚು ಮಾಡಬಲ್ಲೆ. ಡಿಸೆಂಬರ್‌ನಲ್ಲಿ ಊರಿಗೆ ಬರುವವನಿದ್ದೇನೆ, ಅಷ್ಟರೊಳಗೆ ಕೊಂಡು ಕಲಿಯಬೇಕು ಅಂತ ಆಸೆ. ಏನು ಮಾಡಲಿ?

ಉತ್ತರ:

ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಅಂಗಡಿಯವರು ತೋರಿಸಿದ 3 ಇಂಚಿನದು ಬೇಡ. ನಾಲ್ಕೂಕಾಲು ಇಂಚು ಬ್ಯಾರೆಲ್ಲಿನ, ಕಮಾಂಡರ್ ಅಳತೆಯದು ನೋಡಿ. ಮೊದಲ ಪಿಸ್ತೂಲು ಆದ್ದರಿಂದ .45 ಬದಲು 9 ಎಂಎಂ ತೆಗೆದುಕೊಳ್ಳಿ. ಹ್ಯಾಮರ್ ಎತ್ತಿ ಸೇಫ್ಟಿ ಹಾಕಿಟ್ಟುಕೊಳ್ಳುವುದೇ ಆ ಪಿಸ್ತೂಲಿನ ಸರಿಯಾದ ಕ್ರಮ, ಅದು ಹುಚ್ಚಲ್ಲ. ಆದರೆ ವಾರಕ್ಕೆ ಒಂದೆರಡು ಸಲ ಮನೆಯಲ್ಲಿ ಗುಂಡಿಲ್ಲದ ಪಿಸ್ತೂಲಿನ ಅಭ್ಯಾಸ, ತಿಂಗಳಿಗೊಮ್ಮೆ ರೇಂಜ್ (ಗುಂಡು ಹೊಡೆದು ಕಲಿಯುವ ಜಾಗ), ನಡುನಡುವೆ ಎಣ್ಣೆ, ಸ್ಪ್ರಿಂಗ್ ಅಂತ ಗಮನ ಕೊಡಲು ಆಗುವುದಿಲ್ಲ ಅನ್ನಿಸಿದರೆ 1911 ಬಿಟ್ಟುಬಿಡಿ. ಪ್ಲಾಸ್ಟಿಕ್ ಫ್ರೇಮಿನ ಪಿಸ್ತೂಲು ಉದಾಸೀನವನ್ನು ತಡೆದುಕೊಳ್ಳುತ್ತದೆ. 1911 ತಡೆದುಕೊಳ್ಳುವುದಿಲ್ಲ.

ಈಗ ಕಾರಣಗಳಿಗೆ ಬರೋಣ.

1911ಕ್ಕೆ 'ಎಂದೂ ಕೈಕೊಡದ ಪಿಸ್ತೂಲು' ಎಂಬ ಹೆಸರು ಎಲ್ಲಿಂದ ಬಂತು? 1900ರ ಆಸುಪಾಸಿನಲ್ಲಿ ಅಮೆರಿಕದ ಸೈನ್ಯ ಫಿಲಿಪ್ಪೀನ್ಸ್‌ನಲ್ಲಿ ಹೋರಾಡುತ್ತಿತ್ತು. ಅಲ್ಲಿನ ಮೊರೋ ಯೋಧರ ಮುಂದೆ .38 ರಿವಾಲ್ವರ್ ಸಾಲುತ್ತಿಲ್ಲ ಎಂಬ ದೂರು ಬಂತು. 1904ರಲ್ಲಿ ಥಾಂಪ್ಸನ್ ಮತ್ತು ಲಗಾರ್ಡ್ ಎಂಬ ಇಬ್ಬರು ಅಧಿಕಾರಿಗಳು ಪರೀಕ್ಷೆ ನಡೆಸಿ, ಗುಂಡು .45 ಅಳತೆಗಿಂತ ಚಿಕ್ಕದಿರಬಾರದು ಎಂದರು. ಆ ಗುಂಡಿಗೆ ತಕ್ಕ ಪಿಸ್ತೂಲನ್ನು ಬಂದೂಕು ವಿನ್ಯಾಸಕ ಜಾನ್ ಮೋಸಸ್ ಬ್ರೌನಿಂಗ್ ಮಾಡಿಕೊಟ್ಟ. ಕೊನೆಯ ಪರೀಕ್ಷೆಯಲ್ಲಿ 6,000 ಗುಂಡು ಹಾರಿಸಿದರು, ಒಂದೂ ಸಿಕ್ಕಿಕೊಳ್ಳಲಿಲ್ಲ. 1911ರ ಮಾರ್ಚ್ 29ರಂದು ಸೈನ್ಯ ಅದನ್ನು ಒಪ್ಪಿಕೊಂಡಿತು. 1985ರಲ್ಲಿ ಬೆರೆಟ್ಟಾ ಬರುವ ತನಕ ಅದೇ ಸೈನ್ಯದ ಮುಖ್ಯ ಪಿಸ್ತೂಲಾಗಿತ್ತು.

ಈ ಕತೆ ಯಾಕೆ ಹೇಳಿದೆ ಅಂದರೆ, ಆ 6,000 ಗುಂಡು ಹಾರಿಸಿದ್ದು 5 ಇಂಚು ಬ್ಯಾರೆಲ್ಲಿನ, ಪೂರ್ತಿ ಉಕ್ಕಿನ ಪಿಸ್ತೂಲು. ಹಾಕಿದ್ದು ದುಂಡು ಮೂತಿಯ ಸೈನ್ಯದ ಗುಂಡು. ಅದರ ಒಳಗಿನ ಪ್ರತಿ ಸ್ಪ್ರಿಂಗ್, ಪ್ರತಿ ಅಳತೆ ಆ ತೂಕಕ್ಕೆ, ಆ ಉದ್ದಕ್ಕೆ, ಆ ಗುಂಡಿನ ಆಕಾರಕ್ಕೆ ಹೊಂದಿಸಿದ್ದು. ಈಗ ಅದನ್ನೇ 3 ಇಂಚಿಗೆ ಕತ್ತರಿಸಿ, ಚಪ್ಪಟೆ ಮೂತಿಯ, ತುದಿಯಲ್ಲಿ ಗುಳಿ ಇರುವ ಹಾಲೋ ಪಾಯಿಂಟ್ ಗುಂಡು ಹಾಕಿ, 'ಇದೂ 1911, ನೂರು ವರ್ಷದ ಹೆಸರು' ಅಂತ ಮಾರುತ್ತಾರೆ. ಹೆಸರು ಒಂದೇ, ಯಂತ್ರ ಬೇರೆ.

ಒಳಗೆ ಏನಾಗುತ್ತದೆ ನೋಡಿ. ಗುಂಡು ಹಾರಿದಾಗ ಬ್ಯಾರೆಲ್ಲೂ ಸ್ಲೈಡೂ (ಮೇಲೆ ಹಿಂದೆ ಮುಂದೆ ಜಾರುವ ಉಕ್ಕಿನ ಭಾಗ) ಒಟ್ಟಿಗೆ ಸ್ವಲ್ಪ ಹಿಂದೆ ಬರುತ್ತವೆ. ಆಮೇಲೆ ಬ್ಯಾರೆಲ್ಲಿನ ಹಿಂತುದಿ ಕೆಳಗೆ ಇಳಿದು ಕಳಚಿಕೊಳ್ಳುತ್ತದೆ. ಸ್ಲೈಡ್ ಮಾತ್ರ ಹಿಂದೆ ಓಡಿ, ಖಾಲಿ ಕವಚವನ್ನು ಹೊರಗೆ ಎಸೆದು, ಮುಂದೆ ಬರುವಾಗ ಹೊಸ ಗುಂಡನ್ನು ಹಿಡಿಯೊಳಗಿನ ಗುಂಡಿನ ಪೆಟ್ಟಿಗೆಯಾದ ಮ್ಯಾಗಝಿನ್‌ನಿಂದ ತಳ್ಳಿಕೊಂಡು ಬರುತ್ತದೆ. 5 ಇಂಚಿನದರಲ್ಲಿ ಸ್ಲೈಡ್ ಭಾರ, ಓಡುವ ದಾರಿಯೂ ಉದ್ದ. ಹಾಗಾಗಿ ಮ್ಯಾಗಝಿನ್ನಿನ ಸ್ಪ್ರಿಂಗ್ ಮುಂದಿನ ಗುಂಡನ್ನು ಮೇಲೆತ್ತಲು ಸಮಯ ಸಿಗುತ್ತದೆ. 3 ಇಂಚಿನದರಲ್ಲಿ ಸ್ಲೈಡ್ ಹಗುರ, ದಾರಿ ಗಿಡ್ಡ, ಸ್ಪ್ರಿಂಗ್ ಬಿಗಿ. ಎಲ್ಲ ಬಹಳ ಬೇಗ ನಡೆದುಹೋಗುತ್ತದೆ. ಗುಂಡು ಮೇಲೆ ಬರುವುದರೊಳಗೆ ಸ್ಲೈಡ್ ಬಂದುಬಿಟ್ಟರೆ ಸಿಕ್ಕಿಕೊಳ್ಳುತ್ತದೆ. ಮಣಿಕಟ್ಟು ಸ್ವಲ್ಪ ಸಡಿಲ ಬಿಟ್ಟರೂ ಸಾಕು. ಸ್ಲೈಡನ್ನು ಮುಂದೆ ತಳ್ಳುವ ಅದರ ರಿಕಾಯಿಲ್ ಸ್ಪ್ರಿಂಗನ್ನು ದೊಡ್ಡದಕ್ಕಿಂತ ಎಷ್ಟೋ ಬೇಗ ಬದಲಿಸಬೇಕು. ಚೆನ್ನಾಗಿ ಓಡುವ 3 ಇಂಚಿನವೂ ಇವೆ, ಇಲ್ಲ ಅನ್ನುವುದಿಲ್ಲ. ಆದರೆ ಅವು ಅನುಭವ ಇದ್ದವರ ಕೈಗೆ. ಚಿಕ್ಕದು ಕಲಿಯುವವರಿಗೆ ಸುಲಭ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಪಿಸ್ತೂಲಿನಲ್ಲಿ ಅದು ತಿರುಗಾಮುರುಗಾ.

ಇನ್ನೊಂದು ತಪ್ಪು ತಿಳಿವಳಿಕೆ ಇದೆ. ಅಂಗಿಯ ಕೆಳಗೆ ಪಿಸ್ತೂಲು ಎದ್ದು ಕಾಣುವುದು ಬ್ಯಾರೆಲ್ ಉದ್ದದಿಂದ ಅಲ್ಲ, ಹಿಡಿಯ ಉದ್ದದಿಂದ. ಬ್ಯಾರೆಲ್ ಪ್ಯಾಂಟಿನೊಳಗೆ ಕೆಳಮುಖವಾಗಿ ಹೋಗುತ್ತದೆ. ಅದು ಒಂದಿಂಚು ಉದ್ದ ಇದ್ದರೆ ತೊಡೆಗೆ ಒರಗಿ ಇನ್ನೂ ಸ್ಥಿರವಾಗಿ ಕೂರುತ್ತದೆ. ಬೆನ್ನ ಹಿಂದೆ ಅಂಗಿಯನ್ನು ಎತ್ತಿ ತೋರಿಸುವುದು ಹಿಡಿಯ ಮೂಲೆ. ಆದ್ದರಿಂದ ಅಡಗಿಸಬೇಕು ಅಂದರೆ ಕಡಿಮೆ ಮಾಡಬೇಕಾದದ್ದು ಅಲ್ಲಿ. ಬ್ಯಾರೆಲ್ ಉದ್ದವನ್ನು ಕೈಕೊಡದೆ ಓಡುವುದಕ್ಕೆ ತಕ್ಕಂತೆ ಆರಿಸಿ, ಹಿಡಿಯ ಉದ್ದವನ್ನು ಅಡಗುವುದಕ್ಕೆ ತಕ್ಕಂತೆ ಆರಿಸಿ. ಅಂಗಡಿಯಲ್ಲಿ ಸಾಮಾನ್ಯವಾಗಿ ಎರಡನ್ನೂ ಒಟ್ಟಿಗೇ ಕತ್ತರಿಸಿದ್ದನ್ನು ಮುಂದಿಡುತ್ತಾರೆ.

ಅಳತೆಗಳ ಹೆಸರು ತಿಳಿದಿದ್ದರೆ ಅಂಗಡಿಯಲ್ಲಿ ಮಾತಾಡುವುದು ಸುಲಭ. 5 ಇಂಚಿನದು 'ಗವರ್ನಮೆಂಟ್'. ಖಾಲಿ ಇದ್ದಾಗಲೇ ಸುಮಾರು 1.1 ಕೆಜಿ. ನಾಲ್ಕೂಕಾಲು ಇಂಚಿನದು 'ಕಮಾಂಡರ್'. ಎರಡನೇ ಮಹಾಯುದ್ಧ ಮುಗಿದ ಮೇಲೆ ಸೈನ್ಯ ಹಗುರವಾದ 9 ಎಂಎಂ ಪಿಸ್ತೂಲು ಬೇಕೆಂದಾಗ ಕೋಲ್ಟ್ ಕಂಪನಿ ಅಲ್ಯೂಮಿನಿಯಂ ಫ್ರೇಮ್ ಹಾಕಿ ಮಾಡಿದ್ದು ಅದು. ಸೈನ್ಯ ಕೊಳ್ಳಲಿಲ್ಲ, ಜನ ಕೊಂಡರು. ಮೂರೂವರೆ ಇಂಚಿನದು 'ಆಫೀಸರ್ಸ್'. ಅದರ ಹಿಡಿಯೂ ಗಿಡ್ಡ. ಕಮಾಂಡರ್ ಸ್ಲೈಡನ್ನು ಆಫೀಸರ್ಸ್ ಹಿಡಿಯ ಮೇಲೆ ಕೂರಿಸಿದ್ದೂ ಸಿಗುತ್ತದೆ. ಹಿಡಿಯ ಹಿಂದಿನ ಕೆಳಮೂಲೆಯನ್ನು ಓರೆಯಾಗಿ ಕತ್ತರಿಸಿದ 'ಬಾಬ್‌ಟೇಲ್' ಇನ್ನೊಂದು. ಕಮಾಂಡರ್ ಉದ್ದ, ಬಾಬ್‌ಟೇಲ್ ಹಿಡಿ ಇರುವುದು ಸಿಕ್ಕಿದರೆ ನನ್ನ ಮಟ್ಟಿಗೆ ಕ್ಯಾರಿಗೆ ಅದಕ್ಕಿಂತ ಒಳ್ಳೆಯ 1911 ಇಲ್ಲ. ಕೈಗೆ ಹಿಡಿ ಪೂರ್ತಿ ಸಿಗುತ್ತದೆ, ಅಂಗಿಗೆ ಮೂಲೆ ಸಿಗುವುದಿಲ್ಲ.

ಉಕ್ಕೋ ಅಲ್ಯೂಮಿನಿಯಮ್ಮೋ? ಕಮಾಂಡರ್ ಅಳತೆಯಲ್ಲಿ ಅಲ್ಯೂಮಿನಿಯಂ ಫ್ರೇಮಿನದು ಹೆಚ್ಚುಕಡಿಮೆ 800 ಗ್ರಾಂ ಇರುತ್ತದೆ. ಬೆಳಗಿಂದ ಸಂಜೆ ತನಕ ಸೊಂಟದಲ್ಲಿ ಇರಬೇಕಾದ್ದಕ್ಕೆ ಆ ಕಾಲು ಕೆಜಿ ಉಳಿತಾಯ ದೊಡ್ಡದು. ಆದರೆ ಹಗುರ ಫ್ರೇಮಿನಲ್ಲಿ .45 ಹೊಡೆದರೆ ಹೊಡೆತ ಚುರುಕಾಗಿ ಅಂಗೈಗೆ ತಾಗುತ್ತದೆ. 9 ಎಂಎಂ ಆದರೆ ಆ ತೊಂದರೆಯೇ ಇಲ್ಲ. ಇಲ್ಲಿಗೆ ಗುಂಡಿನ ಮಾತು ಬಂತು.

1911 ಅಂದರೆ .45 ಇರಲೇಬೇಕು ಅಂತ ನಂಬಿದವರ ಜೊತೆ ಜಗಳಕ್ಕೆ ನಾನು ಬರುವುದಿಲ್ಲ. ಸೈನ್ಯದ .45 ಗುಂಡು 230 ಗ್ರೇನ್, ಅಂದರೆ ಸುಮಾರು 15 ಗ್ರಾಂ. ಸೆಕೆಂಡಿಗೆ ಸುಮಾರು 830 ರಿಂದ 850 ಅಡಿ ವೇಗ. ನಿಧಾನ, ಭಾರ, ಗಟ್ಟಿ ತಳ್ಳುವ ಗುಂಡು. 9 ಎಂಎಂ ಅದರ ಅರ್ಧದಷ್ಟು ಭಾರ, ವೇಗ ಜಾಸ್ತಿ. 1904ರಲ್ಲಿ ಈ ಎರಡು ಗುಂಡುಗಳ ನಡುವೆ ಇದ್ದ ಅಂತರ ಈಗ ಇಲ್ಲ, ಯಾಕೆಂದರೆ ಹಾಲೋ ಪಾಯಿಂಟ್ ಗುಂಡುಗಳು ಅಷ್ಟು ಸುಧಾರಿಸಿವೆ. ಅಮೆರಿಕದ ಎಫ್‌ಬಿಐ ಕೂಡ .40 ಬಿಟ್ಟು 9 ಎಂಎಂಗೆ ಮರಳಿದ್ದು ಹಳೇ ಸುದ್ದಿ. ಕೈಗೆ ಹೊಡೆತ ಕಡಿಮೆ ಆದ್ದರಿಂದ ಎರಡನೇ ಗುಂಡು ಗುರಿಗೆ ಬೇಗ ಬೀಳುತ್ತದೆ. ಮ್ಯಾಗಝಿನ್‌ನಲ್ಲಿ 7ರ ಬದಲು 9 ಅಥವಾ 10 ಹಿಡಿಯುತ್ತದೆ. ಎಲ್ಲಕ್ಕಿಂತ ಮುಖ್ಯ, ಅಭ್ಯಾಸದ ಗುಂಡು ಅಗ್ಗ. ಹಣ ಉಳಿದಷ್ಟೂ ಹೆಚ್ಚು ಹೊಡೆಯುತ್ತೀರಿ. .45 ಆಸೆ ಇದ್ದರೆ ಎರಡನೆಯದಾಗಿ 5 ಇಂಚಿನ ಉಕ್ಕಿನದು ಕೊಂಡು ರೇಂಜಿನಲ್ಲಿ ಆನಂದಪಡಿ. ಅದರ ಸುಖವೇ ಬೇರೆ.

ಈಗ ಹ್ಯಾಮರ್ ವಿಷಯ. ನಿಮ್ಮ ಸ್ನೇಹಿತರ ಭಯ ಸಹಜ. ನೋಡಲು ಹಾಗೇ ಕಾಣುತ್ತದೆ. ಆದರೆ 1911 ಸಿಂಗಲ್ ಆಕ್ಷನ್ ಪಿಸ್ತೂಲು. ಟ್ರಿಗರ್ ಎಳೆದರೆ ಹ್ಯಾಮರ್ ಬೀಳುತ್ತದೆ ಅಷ್ಟೇ, ಏಳುವುದಿಲ್ಲ. ಹಾಗಾಗಿ ಅದು ತಯಾರಿರಬೇಕಾದರೆ ಹ್ಯಾಮರ್ ಎದ್ದೇ ಇರಬೇಕು. ಹ್ಯಾಮರ್ ಎದ್ದಿದ್ದರೂ ಬೀಳದಂತೆ ತಡೆಯಲು ಎರಡು ಬೀಗ ಇವೆ. ಒಂದು ಹೆಬ್ಬೆರಳಿನ ಸೇಫ್ಟಿ. ಕುದುರೆ ಸವಾರ ಒಂದೇ ಕೈಯಲ್ಲಿ ಪಿಸ್ತೂಲನ್ನು ಸುರಕ್ಷಿತ ಮಾಡಿ ತೊಗಲು ಚೀಲಕ್ಕೆ ಹಾಕುವಂತಿರಬೇಕು ಎಂದು ಅಶ್ವದಳದವರು ಕೇಳಿದ್ದರಿಂದ 1910ರಲ್ಲಿ ಸೇರಿಸಿದ್ದು. ಇನ್ನೊಂದು ಹಿಡಿಯ ಹಿಂಬದಿಯದು. ಕೈ ಗಟ್ಟಿಯಾಗಿ ಹಿಡಿದರೆ ಮಾತ್ರ ಟ್ರಿಗರ್ ಚಲಿಸುತ್ತದೆ. ಇವೆರಡರ ಮೇಲೆ ಟ್ರಿಗರ್ ಮುಚ್ಚುವ ಗಟ್ಟಿ ಹೋಲ್ಸ್ಟರ್ (ಪಿಸ್ತೂಲಿನ ಚೀಲ), ಅದರ ಮೇಲೆ ನಿಮ್ಮ ಬೆರಳಿನ ಶಿಸ್ತು.

ಕೆಲವರು ಭಯಕ್ಕೆ, ಗುಂಡು ಚೇಂಬರಿನಲ್ಲಿ (ಬ್ಯಾರೆಲ್ಲಿನ ಹಿಂತುದಿಯ ಗುಂಡಿನ ಗೂಡು) ಇದ್ದಾಗಲೇ ಹ್ಯಾಮರನ್ನು ಹೆಬ್ಬೆರಳಿನಿಂದ ಮೆಲ್ಲಗೆ ಇಳಿಸಿ ಇಟ್ಟುಕೊಳ್ಳುತ್ತಾರೆ. ದಯವಿಟ್ಟು ಅದನ್ನು ಮಾತ್ರ ಮಾಡಬೇಡಿ. ಇಳಿಸಬೇಕಾದರೆ ಟ್ರಿಗರ್ ಎಳೆಯಲೇಬೇಕು. ಬೆವರಿದ ಹೆಬ್ಬೆರಳು ಜಾರಿದರೆ ಗುಂಡು ಹಾರುತ್ತದೆ. ಅವಘಡ ಆಗುವುದು ಆ ಕ್ಷಣದಲ್ಲಿ. ಹ್ಯಾಮರನ್ನು ಅರ್ಧದಲ್ಲಿ ನಿಲ್ಲಿಸುವ ಹಲ್ಲು ಇದೆಯಲ್ಲ, ಅದೂ ಸೇಫ್ಟಿ ಅಲ್ಲ. ಮನಸ್ಸು ಒಪ್ಪುವ ತನಕ ಚೇಂಬರ್ ಖಾಲಿ ಇಟ್ಟುಕೊಂಡು, ಮನೆಯಲ್ಲಿ ಗುಂಡಿಲ್ಲದ ಪಿಸ್ತೂಲನ್ನು ಹ್ಯಾಮರ್ ಎತ್ತಿ, ಸೇಫ್ಟಿ ಹಾಕಿ, ಸೊಂಟದಲ್ಲಿಟ್ಟುಕೊಂಡು ಕೆಲವು ವಾರ ಓಡಾಡಿ. ಸಂಜೆ ತೆಗೆದು ನೋಡಿದಾಗ ಹ್ಯಾಮರ್ ಎದ್ದೇ ಇರುತ್ತದೆ. ಆಗ ಭಯ ತಾನಾಗಿ ಹೋಗುತ್ತದೆ. ಹೋಗದಿದ್ದರೆ ಈ ಪಿಸ್ತೂಲು ನಿಮಗಲ್ಲ, ಅದರಲ್ಲಿ ನಾಚಿಕೆಯೇನೂ ಇಲ್ಲ.

ಕೆಳಗೆ ಬಿದ್ದರೆ ಹಾರುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಹಳೇ ವಿನ್ಯಾಸದಲ್ಲಿ ಗುಂಡನ್ನು ಚುಚ್ಚಿ ಸಿಡಿಸುವ ಫೈರಿಂಗ್ ಪಿನ್ನಿಗೆ ಸ್ಪ್ರಿಂಗ್ ಬಿಟ್ಟರೆ ಬೇರೆ ತಡೆ ಇಲ್ಲ. ಮೂತಿ ಕೆಳಗಾಗಿ ಎತ್ತರದಿಂದ ಗಟ್ಟಿ ನೆಲಕ್ಕೆ ಬಿದ್ದರೆ ಪಿನ್ ತನ್ನ ತೂಕಕ್ಕೇ ಮುಂದೆ ಹೋಗಬಹುದು. ಇದಕ್ಕೆ ಮೂರು ಪರಿಹಾರಗಳಿವೆ. ಕೋಲ್ಟ್‌ನ ಸೀರೀಸ್ 80ರಲ್ಲಿ ಟ್ರಿಗರ್ ಎಳೆದರೆ ಮಾತ್ರ ಪಿನ್ ಬಿಡುವ ತಡೆ ಇದೆ. ಕೆಲವು ಕಂಪನಿಗಳಲ್ಲಿ ಹಿಡಿಯ ಸೇಫ್ಟಿ ಒತ್ತಿದಾಗ ಆ ತಡೆ ಬಿಡುತ್ತದೆ. ಇನ್ನು ಕೆಲವರು ಹಗುರ ಟೈಟಾನಿಯಂ ಪಿನ್, ಬಿಗಿ ಸ್ಪ್ರಿಂಗ್ ಹಾಕುತ್ತಾರೆ. ಆ ತಡೆ ಇಲ್ಲದ ಹಳೇ ಸೀರೀಸ್ 70 ಟ್ರಿಗರ್ ನಯ ಅಂತ ರಸಿಕರು ಗಂಟೆಗಟ್ಟಲೆ ವಾದ ಮಾಡುತ್ತಾರೆ. ಗುರಿ ಸ್ಪರ್ಧೆಗೆ ಅದು ಸರಿ. ದಿನವೂ ಇಟ್ಟುಕೊಳ್ಳುವುದಕ್ಕೆ ಈ ಮೂರರಲ್ಲಿ ಒಂದು ಇರುವುದನ್ನೇ ಕೊಳ್ಳಿ. ಟ್ರಿಗರ್ ಭಾರ ನಾಲ್ಕರಿಂದ ಐದು ಪೌಂಡ್ ಇರಲಿ. ಅದಕ್ಕಿಂತ ಹಗುರ ಮಾಡಿಸಬೇಡಿ.

ನಿಮ್ಮ ಕೈ ಚಿಕ್ಕದು ಅಂದಿರಿ. ಒಳ್ಳೆಯ ಸುದ್ದಿ: ಗುಂಡುಗಳು ಒಂದೇ ಸಾಲಿನಲ್ಲಿ ಕೂರುವುದರಿಂದ 1911 ಹಿಡಿ ತೆಳು. 1920ರ ದಶಕದಲ್ಲಿ ಸೈನ್ಯ ಎ1 ಎಂಬ ತಿದ್ದುಪಡಿ ಮಾಡಿದಾಗ ಟ್ರಿಗರ್ ಗಿಡ್ಡ ಮಾಡಿ, ಅದರ ಹಿಂದೆ ಫ್ರೇಮನ್ನು ಸ್ವಲ್ಪ ಕೆತ್ತಿದ್ದೇ ಚಿಕ್ಕ ಬೆರಳಿನವರಿಗೂ ಎಟುಕಲಿ ಅಂತ. ಈಗಲೂ ಗಿಡ್ಡ ಟ್ರಿಗರ್, ತೆಳು ಹಿಡಿಪಟ್ಟಿ ಬೇರೆಯಾಗಿ ಸಿಗುತ್ತವೆ, ದುಬಾರಿಯೂ ಅಲ್ಲ. ಅಂಗಡಿಯಲ್ಲಿ ಹಿಡಿದು ನೋಡುವಾಗ ಎರಡು ವಿಷಯ ಗಮನಿಸಿ. ಹೆಬ್ಬೆರಳು ಹಿಡಿತ ಬದಲಿಸದೆ ಸೇಫ್ಟಿಯ ಮೇಲೆ ಕೂರಬೇಕು. ಆ ಹಿಡಿತದಲ್ಲೇ ಹಿಂಬದಿಯ ಸೇಫ್ಟಿ ಪೂರ್ತಿ ಒತ್ತಿರಬೇಕು. ಹೆಬ್ಬೆರಳು ಮೇಲೆ ಇಟ್ಟಾಗ ಕೆಲವರ ಅಂಗೈ ಅಲ್ಲಿ ಟೊಳ್ಳಾಗುತ್ತದೆ, ಪಿಸ್ತೂಲು ಹಾರುವುದೇ ಇಲ್ಲ. ಅಂಥವರಿಗಾಗಿ ಆ ಸೇಫ್ಟಿಯ ಕೆಳತುದಿಯಲ್ಲಿ ಉಬ್ಬು ಇರುವುದನ್ನು ಮಾಡಿದ್ದಾರೆ. ಅದು ಇರುವುದನ್ನೇ ಆರಿಸಿ. ಆ ಸೇಫ್ಟಿಯ ಮೇಲ್ತುದಿಯ ಬಾಲ ಅಗಲವಾಗಿರಲಿ, ಇಲ್ಲದಿದ್ದರೆ ಹ್ಯಾಮರ್ ಬಂದು ಚರ್ಮ ಕಚ್ಚುತ್ತದೆ.

ಕೋವಿ ಅಭ್ಯಾಸ ಇರುವುದು ಒಳ್ಳೆಯದು. ಮೂತಿ ಯಾವ ಕಡೆ ಇದೆ ಅನ್ನುವ ಎಚ್ಚರ ನಿಮಗೆ ಚಿಕ್ಕಂದಿನಿಂದ ಬಂದಿರುತ್ತದೆ. ಆದರೆ ಹೆಗಲಿಗೆ ಕೊಟ್ಟು ಹೊಡೆಯುವ ಕೋವಿ ಸಣ್ಣ ತಪ್ಪನ್ನು ಕ್ಷಮಿಸುತ್ತದೆ. ಪಿಸ್ತೂಲಿನಲ್ಲಿ ಟ್ರಿಗರ್ ಎಳೆಯುವಾಗ ಬೆರಳು ಕೂದಲೆಳೆಯಷ್ಟು ಅಡ್ಡ ಹೋದರೂ ಹತ್ತು ಗಜದಲ್ಲಿ ಗುಂಡು ಗೇಣು ಆಚೆ ಬೀಳುತ್ತದೆ. ಕೋವಿಯವರು ಪಿಸ್ತೂಲು ಹಿಡಿದಾಗ ಮೊದಲ ದಿನ ಬೇಜಾರಾಗುವುದು ಇದೇ ಕಾರಣಕ್ಕೆ. ತರಬೇತುದಾರರ ಹತ್ತಿರ ಒಂದು ಪೂರ್ತಿ ದಿನದ ತರಗತಿಗೆ ಹೋಗಿ.

ದುಡ್ಡಿನ ಲೆಕ್ಕ ಹೀಗೆ ಮಾಡಿ. 1,500ರಲ್ಲಿ ಪಿಸ್ತೂಲಿಗೆ 800–900 ಮೀರಬೇಡಿ. ಉಳಿದದ್ದು ಬೆಲ್ಟ್, ಹೋಲ್ಸ್ಟರ್, ಮ್ಯಾಗಝಿನ್, ಬೀಗದ ಪೆಟ್ಟಿಗೆ, ತರಗತಿ, ಗುಂಡು ಇವಕ್ಕೆ ಬೇಕು. ಕೆಳಗಿನ ಬೆಲೆಯಲ್ಲಿ ರಾಕ್ ಐಲೆಂಡ್ ಮತ್ತು ಟರ್ಕಿಯ ಟಿಸಾಸ್ ಇವೆ. ರಾಕ್ ಐಲೆಂಡ್ ತಯಾರಾಗುವುದು ಫಿಲಿಪ್ಪೀನ್ಸ್‌ನ ಮರಿಕಿನಾದಲ್ಲಿ. ಯಾವ ದೇಶದ ಹೋರಾಟಗಾರರ ಕಾರಣಕ್ಕೆ .45 ಬಂತೋ ಅಲ್ಲಿಂದಲೇ ಈಗ ಅಮೆರಿಕಕ್ಕೆ 1911 ಬರುತ್ತಿದೆ ನೋಡಿ! ಅದರ ಮೇಲೆ ರೂಗರ್, ಸ್ಪ್ರಿಂಗ್‌ಫೀಲ್ಡ್, ಕೋಲ್ಟ್. ಇನ್ನೂ ಮೇಲೆ ಕೈಯಲ್ಲಿ ಹೊಂದಿಸಿ ಮಾಡುವವರ ಪಿಸ್ತೂಲುಗಳು, ಅವುಗಳ ಬೆಲೆ ನಿಮ್ಮ ಲೆಕ್ಕದ ಹೊರಗೆ. ಕಂಪನಿ ಹೆಸರಿಗಿಂತ ನಿಮ್ಮ ಕೈಗೆ ಬಂದ ಆ ಒಂದು ಪಿಸ್ತೂಲು ಹೇಗೆ ಓಡುತ್ತದೆ ಅನ್ನುವುದು ಮುಖ್ಯ. 1911 ಪಿಸ್ತೂಲಿನಲ್ಲಿ ಭಾಗಗಳ ಹೊಂದಾಣಿಕೆ ಸೂಕ್ಷ್ಮ, ಒಂದೇ ಮಾದರಿಯ ಎರಡು ಬೇರೆಬೇರೆ ಥರ ವರ್ತಿಸಬಹುದು.

ಹಾಗಾಗಿ ಕೊಂಡ ತಕ್ಷಣ ಸೊಂಟಕ್ಕೆ ಹಾಕಬೇಡಿ. ಮೊದಲು ದುಂಡು ಮೂತಿಯ ಅಭ್ಯಾಸದ ಗುಂಡು ಮುನ್ನೂರು ಹಾರಿಸಿ. ಆಮೇಲೆ ದಿನವೂ ತುಂಬಿಡುವ ಹಾಲೋ ಪಾಯಿಂಟ್ ಯಾವುದೋ ಅದನ್ನೇ ಇನ್ನೂರು ಹಾರಿಸಿ. ಆ ಇನ್ನೂರರಲ್ಲಿ ಒಂದೂ ಸಿಕ್ಕಿಕೊಳ್ಳಬಾರದು. ಸಿಕ್ಕಿಕೊಂಡರೆ ಮೊದಲು ಮ್ಯಾಗಝಿನ್ ಮೇಲೆ ಅನುಮಾನ ಪಡಿ. 1911ರ ತೊಂದರೆಗಳಲ್ಲಿ ಬಹುಪಾಲು ಅಲ್ಲೇ ಇರುತ್ತವೆ. ಎಲ್ಲ ಮ್ಯಾಗಝಿನ್‌ಗಳಿಗೂ ಮಾರ್ಕರ್‌ನಿಂದ ನಂಬರ್ ಬರೆದಿಡಿ. ಮೂರನೇ ನಂಬರೇ ಪದೇಪದೇ ಕೈಕೊಡುತ್ತಿದೆ ಅಂತ ಗೊತ್ತಾದರೆ ಅದನ್ನು ಅಭ್ಯಾಸಕ್ಕೆ ಇಟ್ಟುಕೊಳ್ಳಿ. ವಿಲ್ಸನ್ ಕಾಂಬ್ಯಾಟ್, ಮೆಕ್‌ಗಾರ್ ಮ್ಯಾಗಝಿನ್‌ಗಳಿಗೆ ಒಳ್ಳೆಯ ಹೆಸರಿದೆ. ಮ್ಯಾಗಝಿನ್ ಬದಲಿಸಿದರೂ ಸರಿಹೋಗದಿದ್ದರೆ ಖಾಲಿ ಕವಚವನ್ನು ಹಿಡಿದೆಳೆಯುವ ಕೊಕ್ಕೆ, ಅಂದರೆ ಎಕ್ಸ್‌ಟ್ರಾಕ್ಟರ್. ಹಳೇ ವಿನ್ಯಾಸದಲ್ಲಿ ಅದು ಸ್ಲೈಡಿನೊಳಗೆ ಉದ್ದಕ್ಕೆ ಕೂರುವ ಉಕ್ಕಿನ ಕಡ್ಡಿ, ತಾನೇ ಸ್ಪ್ರಿಂಗಿನ ಹಾಗೆ ಬಾಗಿ ಕೆಲಸ ಮಾಡುತ್ತದೆ. ಬಿಗಿ ತಪ್ಪಿದರೆ ಗನ್‌ಸ್ಮಿತ್ ಐದು ನಿಮಿಷದಲ್ಲಿ ಸರಿಮಾಡಿಕೊಡುತ್ತಾರೆ.

ಇಲ್ಲಿ ಹೊಸಬರು ಮಾಡುವ ಒಂದು ಕೆಲಸ ಇದೆ. ಚೇಂಬರಿಗೆ ಕೈಯಿಂದಲೇ ಒಂದು ಗುಂಡು ಹಾಕಿ, ಸ್ಲೈಡನ್ನು ಅದರ ಮೇಲೆ ದಢಕ್ಕನೆ ಬಿಡುತ್ತಾರೆ. 1911ರಲ್ಲಿ ಗುಂಡಿನ ಅಂಚು ಕೆಳಗಿಂದ ಮೇಲೆ ಜಾರಿಕೊಂಡು ಎಕ್ಸ್‌ಟ್ರಾಕ್ಟರಿನ ಕೊಕ್ಕೆಯೊಳಗೆ ಹೋಗಬೇಕು. ನೀವು ಮುಂದೆ ಇಟ್ಟುಬಿಟ್ಟರೆ ಕೊಕ್ಕೆ ಅಂಚಿನ ಮೇಲೆ ಹಾರಿ ಹಿಡಿಯಬೇಕಾಗುತ್ತದೆ. ಹೀಗೇ ಮಾಡುತ್ತಿದ್ದರೆ ಕೊಕ್ಕೆ ಹಾಳು. ಯಾವಾಗಲೂ ಮ್ಯಾಗಝಿನ್‌ನಿಂದಲೇ ತುಂಬಿಸಿ. ಇನ್ನೊಂದು: ಪ್ರತಿ ರಾತ್ರಿ ಖಾಲಿ ಮಾಡಿ ಬೆಳಿಗ್ಗೆ ಅದೇ ಗುಂಡನ್ನು ಮತ್ತೆ ಮತ್ತೆ ಚೇಂಬರಿಗೆ ಏರಿಸಿದರೆ ಅದರ ಮೂತಿ ಕವಚದೊಳಗೆ ತಳ್ಳಿಹೋಗುತ್ತದೆ. ಹೊಸ ಗುಂಡಿನ ಪಕ್ಕ ಇಟ್ಟು ನೋಡಿದರೆ ಗಿಡ್ಡ ಕಾಣುತ್ತದೆ. ಅಂಥದ್ದನ್ನು ಹಾರಿಸಿದರೆ ಒಳಗಿನ ಒತ್ತಡ ಅಪಾಯದ ಮಟ್ಟಕ್ಕೆ ಏರಬಹುದು. ಪಕ್ಕಕ್ಕೆ ತೆಗೆದಿಡಿ. ಇದಕ್ಕಿಂತ ಒಳ್ಳೆಯದು, ತುಂಬಿದ ಪಿಸ್ತೂಲನ್ನು ಹೋಲ್ಸ್ಟರ್ ಸಮೇತ ಬಿಚ್ಚಿ ಹಾಗೇ ಬೀಗದ ಪೆಟ್ಟಿಗೆಗೆ ಹಾಕುವುದು. ಮುಟ್ಟಿದಷ್ಟೂ ಅಪಾಯ ಜಾಸ್ತಿ.

ಬೆಲ್ಟಿನಲ್ಲಿ ಜಿಪುಣತನ ಬೇಡ. ಪಿಸ್ತೂಲಿಗೆಂದೇ ಮಾಡಿದ, ಒಂದೂವರೆ ಇಂಚು ಅಗಲದ ಗಟ್ಟಿ ಬೆಲ್ಟ್ ತೆಗೆದುಕೊಳ್ಳಿ. ಆಫೀಸಿನ ಬೆಲ್ಟಿಗೆ ಸಿಕ್ಕಿಸಿದರೆ ದಿನವೆಲ್ಲ ಪ್ಯಾಂಟು ಎಳೆದುಕೊಳ್ಳುವುದೇ ಕೆಲಸ, ನೋಡುವವರಿಗೆ ಅಲ್ಲೇ ಗೊತ್ತಾಗುತ್ತದೆ. ಹೋಲ್ಸ್ಟರ್ ನಿಮ್ಮ ಮಾದರಿಗೇ ಅಚ್ಚು ಹಾಕಿದ್ದಾಗಿರಬೇಕು, ಟ್ರಿಗರ್ ಪೂರ್ತಿ ಮುಚ್ಚಬೇಕು, ಪಿಸ್ತೂಲು ತೆಗೆದಾಗ ಬಾಯಿ ಮುಚ್ಚಿಕೊಳ್ಳಬಾರದು. ಮೊದಲ ವರ್ಷ ಬಲಸೊಂಟದ ಹಿಂದೆ, ಗಡಿಯಾರದ ನಾಲ್ಕು ಗಂಟೆಯ ಜಾಗದಲ್ಲಿ ಇಟ್ಟುಕೊಳ್ಳಿ. ಹೊಟ್ಟೆಯ ಮುಂದೆ ಇಟ್ಟುಕೊಳ್ಳುವ ಶೈಲಿ ಈಗ ಚಾಲ್ತಿಯಲ್ಲಿದೆ, 1911 ಜೊತೆ ಹೊಸಬರಿಗೆ ಅದು ಬೇಡವೇ ಬೇಡ. ಸಂಜೆ ತೆಗೆಯುವಾಗ ಹೆಬ್ಬೆರಳಿನ ಸೇಫ್ಟಿ ಇನ್ನೂ ಹಾಕಿದಂತೆಯೇ ಇದೆಯಾ ಅಂತ ನೋಡಿ. ದೇಹಕ್ಕೆ ಉಜ್ಜಿ ಕೆಳಗೆ ಸರಿದಿದ್ದರೆ ಆ ಹೋಲ್ಸ್ಟರ್ ನಿಮ್ಮ ಮೈಗೆ ಹೊಂದುವುದಿಲ್ಲ.

ಟೆಕ್ಸಸ್ ಬೇಸಿಗೆಯಲ್ಲಿ ಬೆವರು ನೀಲಿ ಬಣ್ಣದ ಉಕ್ಕನ್ನು ಒಂದೇ ವಾರದಲ್ಲಿ ತುಕ್ಕು ಹಿಡಿಸುತ್ತದೆ. ಸ್ಟೇನ್‌ಲೆಸ್ ಸ್ಲೈಡ್ ಇದ್ದರೆ ವಾಸಿ. ಸ್ಲೈಡ್ ಜಾರುವ ರೈಲುಗಳಿಗೆ ಎಣ್ಣೆ ಯಾವಾಗಲೂ ಇರಲಿ, ಈ ಪಿಸ್ತೂಲು ಒಣಗಿದರೆ ಓಡುವುದಿಲ್ಲ. ಬಿಚ್ಚುವಾಗ ಮುಂದಿನ ಸ್ಪ್ರಿಂಗಿನ ಮುಚ್ಚಳ ಬುಲೆಟ್ಟಿನಂತೆ ಹಾರಿಹೋಗುತ್ತದೆ. ಕನ್ನಡಕ ಹಾಕಿಕೊಳ್ಳಿ. ಸ್ಲೈಡನ್ನು ಹಿಂದೆ ತಡೆದಿಡುವ ಸ್ಲೈಡ್ ಸ್ಟಾಪ್ ಮತ್ತೆ ಕೂರಿಸುವಾಗ ಎಡಬದಿಯಲ್ಲಿ ಅರ್ಧಚಂದ್ರದ ಗೀರು ಬೀಳುವುದು ಪ್ರಸಿದ್ಧ. ಬಿದ್ದರೆ ಬೇಜಾರು ಮಾಡಿಕೊಳ್ಳಬೇಡಿ, ಸೆಕೆಂಡ್ ಹ್ಯಾಂಡ್ 1911ಗಳನ್ನು ನೋಡಿ, ಅರ್ಧಕ್ಕರ್ಧ ಅವುಗಳ ಮೇಲೂ ಇರುತ್ತದೆ.

1911 ಅಲ್ಲದೆ ಹಳೇ ಶೈಲಿಯದೇ ಬೇರೊಂದು ನೋಡಬಹುದಾ? ಖಂಡಿತ, ಬ್ರೌನಿಂಗ್ ಹೈ ಪವರ್. ಬ್ರೌನಿಂಗ್ ಆರಂಭಿಸಿ, 1926ರಲ್ಲಿ ತೀರಿಕೊಂಡ ಮೇಲೆ ಬೆಲ್ಜಿಯಂನ ಎಫ್‌ಎನ್ ಕಂಪನಿಯ ಸೈವ್ ಮುಗಿಸಿದ್ದು. 1935ರಲ್ಲಿ ಬಂತು. 9 ಎಂಎಂ, 13 ಗುಂಡು, ಆದರೂ ಹಿಡಿ ಅಂಗೈಗೆ ಹೇಳಿಮಾಡಿಸಿದಂತೆ. ನಿಮ್ಮ ನೆಂಟರಲ್ಲಿ ಭಾರತದ ಸೈನ್ಯದಲ್ಲಿದ್ದವರನ್ನು ಕೇಳಿ ನೋಡಿ. ಇಶಾಪುರದ ರೈಫಲ್ ಕಾರ್ಖಾನೆಯಲ್ಲಿ ತಯಾರಾಗುವ '9 ಎಂಎಂ 1ಎ' ಪಿಸ್ತೂಲು ಇದರದೇ ಮಗ. ಈಗ ಅಮೆರಿಕದಲ್ಲಿ ಸ್ಪ್ರಿಂಗ್‌ಫೀಲ್ಡ್‌ನ ಎಸ್‌ಎ-35 ಮತ್ತು ಟರ್ಕಿಯ ಗಿರ್ಸಾನ್ ಇದೇ ವಿನ್ಯಾಸದಲ್ಲಿ ಸಿಗುತ್ತವೆ, ನಿಮ್ಮ ಬೆಲೆಯೊಳಗೇ. ಇದನ್ನೂ ಹ್ಯಾಮರ್ ಎತ್ತಿ ಸೇಫ್ಟಿ ಹಾಕಿಯೇ ಇಟ್ಟುಕೊಳ್ಳಬೇಕು. ಹಿಂಬದಿಯ ಸೇಫ್ಟಿ ಇಲ್ಲ. ಬಾಡಿಗೆಗೆ ಪಿಸ್ತೂಲು ಕೊಡುವ ರೇಂಜಿನಲ್ಲಿ ಎರಡನ್ನೂ ಹೊಡೆದು ನೋಡಿ ಆಮೇಲೆ ತೀರ್ಮಾನಿಸಿ.

ಕಾನೂನಿನ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳಬೇಕು. 2021ರ ಸೆಪ್ಟೆಂಬರ್‌ನಿಂದ ಟೆಕ್ಸಸ್‌ನಲ್ಲಿ 21 ವಯಸ್ಸು ತುಂಬಿದ, ಕಾನೂನಿನ ಅಡ್ಡಿ ಇಲ್ಲದವರು ಲೈಸೆನ್ಸ್ ಇಲ್ಲದೆಯೂ ಪಿಸ್ತೂಲು ಇಟ್ಟುಕೊಳ್ಳಬಹುದು. ಆದರೂ ಲೈಸೆನ್ಸ್ ಮಾಡಿಸಿ. ಎಷ್ಟೋ ಬೇರೆ ರಾಜ್ಯಗಳು ಅದನ್ನು ಒಪ್ಪುತ್ತವೆ, ಆ ತರಗತಿಯಲ್ಲಿ ಯಾವಾಗ ಗುಂಡು ಹಾರಿಸಬಾರದು ಅನ್ನುವುದನ್ನೂ ಕಲಿಸುತ್ತಾರೆ. ಬಾಗಿಲಲ್ಲಿ ಪಿಸ್ತೂಲು ತರಬೇಡಿ ಎನ್ನುವ 30.05, 30.06, 30.07 (ಟೆಕ್ಸಸ್ ಕಾನೂನಿನ ಕಲಮುಗಳ ಸಂಖ್ಯೆ) ಫಲಕಗಳಿದ್ದರೆ ಅವನ್ನು ಓದಲು ಕಲಿಯಿರಿ. ಬಾರ್‌ಗಳಿಗೆ, ಅಂಚೆ ಕಚೇರಿಗೆ, ಶಾಲೆಯೊಳಗೆ ತೆಗೆದುಕೊಂಡು ಹೋಗುವಂತಿಲ್ಲ. ನಮ್ಮವರು ಮರೆಯುವುದು ಶಾಲೆಯ ವಿಷಯ. ಯುಗಾದಿ, ರಾಜ್ಯೋತ್ಸವದ ಕಾರ್ಯಕ್ರಮವನ್ನು ಎಷ್ಟೋ ಕಡೆ ಶಾಲೆಯ ಸಭಾಂಗಣ ಬಾಡಿಗೆ ಹಿಡಿದು ಮಾಡುತ್ತಾರಲ್ಲ, ಭಾನುವಾರ ಆದರೂ ಅದು ಶಾಲೆಯೇ. ಅಂಥ ದಿನ ಪಿಸ್ತೂಲು ಮನೆಯ ಪೆಟ್ಟಿಗೆಯಲ್ಲೇ ಇರಲಿ. ಕಾರಿನಲ್ಲಿ ಬಿಟ್ಟು ಹೋಗಬೇಡಿ, ಕಳ್ಳರು ಹುಡುಕುವುದೇ ಅಲ್ಲಿ.

ಮಕ್ಕಳಿರುವ ಮನೆ ಅಂದಿರಿ. 17ಕ್ಕಿಂತ ಚಿಕ್ಕ ಮಕ್ಕಳ ಕೈಗೆ ತುಂಬಿದ ಪಿಸ್ತೂಲು ಸಿಗುವಂತೆ ಬಿಡುವುದು ಟೆಕ್ಸಸ್‌ನಲ್ಲಿ ಅಪರಾಧ. ಸೊಂಟದಲ್ಲಿ ಇಲ್ಲದಿದ್ದಾಗ ಅದು ಬೀಗದ ಪೆಟ್ಟಿಗೆಯಲ್ಲಿ, ಮೂರನೇ ಜಾಗ ಇಲ್ಲ. ಬೀರುವಿನ ಮೇಲೆ, ದಿಂಬಿನ ಕೆಳಗೆ ಇವೆಲ್ಲ ಮಕ್ಕಳಿಗೆ ನಮಗಿಂತ ಮೊದಲು ಗೊತ್ತಿರುತ್ತದೆ.

ಇದನ್ನು ಓದುತ್ತಿರುವ ಬೇರೆಯವರಿಗೆ ಒಂದು ಮಾತು. ಗ್ರೀನ್ ಕಾರ್ಡ್ ಇದ್ದವರು ಕೊಳ್ಳಬಹುದು. ಎಚ್-1ಬಿಯಂಥ ವೀಸಾದಲ್ಲಿ ಇರುವವರಿಗೆ ಅಮೆರಿಕದ ಕೇಂದ್ರ ಕಾನೂನಿನಲ್ಲಿ ಬಂದೂಕು, ಗುಂಡು ಹೊಂದುವುದೇ ನಿಷಿದ್ಧ. ಬೇಟೆ ಲೈಸೆನ್ಸ್ ಇದ್ದರೆ ಎಂಬಂಥ ಕೆಲವು ವಿನಾಯಿತಿಗಳಿವೆ, ಆದರೆ ವಕೀಲರನ್ನು ಕೇಳದೆ ಅದರ ಮೇಲೆ ನಂಬಿಕೆ ಇಡಬೇಡಿ. ಕೊಳ್ಳುವಾಗ ತುಂಬುವ 4473 ಫಾರ್ಮಿನಲ್ಲಿ ಸುಳ್ಳು ಬರೆದರೆ ಜೈಲಿಗೆ ಹೋಗುವ ಅಪರಾಧ, ವೀಸಾ ಹೋಗುವುದು ಬೇರೆ.

ಕೊನೆಗೆ ನಿಮ್ಮ ಡಿಸೆಂಬರ್ ಪ್ರಯಾಣ. ಪಿಸ್ತೂಲನ್ನು ಊರಿಗೆ ತರುವ ಯೋಚನೆ ಇರಲಾರದು, ಇದ್ದರೂ ಬಿಡಿ. ಭಾರತದಲ್ಲಿ 9 ಎಂಎಂ ಸಾಮಾನ್ಯರಿಗೆ ನಿಷೇಧಿತ ಬೋರ್ (ಗುಂಡಿನ ಅಳತೆ). ಕೊಡವರಿಗೆ, ಜಮ್ಮಾ (ಕೊಡಗಿನ ಹಳೇ ಭೂ ಪದ್ಧತಿ) ಹಿಡುವಳಿದಾರರಿಗೆ ಇರುವ ಲೈಸೆನ್ಸ್ ವಿನಾಯಿತಿಯನ್ನು ನಂಬಿಕೊಂಡು ತರಬೇಡಿ. ನಾನು ಹೇಳಹೊರಟದ್ದು ಬೇರೆ. ರೇಂಜಿಗೆ ತೆಗೆದುಕೊಂಡು ಹೋಗುವ ಬ್ಯಾಗನ್ನು ಎಂದೂ ವಿಮಾನ ಪ್ರಯಾಣಕ್ಕೆ ಬಳಸಬೇಡಿ. ಅದರ ಮೂಲೆಯಲ್ಲಿ ಒಂದು ತೋಟಾ ಉಳಿದಿರುತ್ತದೆ. ಬೆಂಗಳೂರು ವಿಮಾನ ನಿಲ್ದಾಣದ ಸ್ಕ್ಯಾನರಿನಲ್ಲಿ ಅದು ಕಂಡರೆ ಆಯುಧ ಕಾಯ್ದೆಯಡಿ ಕೇಸು. 'ಗೊತ್ತಿರಲಿಲ್ಲ' ಅಂತ ಆಮೇಲೆ ಕೋರ್ಟಿನಲ್ಲಿ ಹೇಳಬೇಕಾಗುತ್ತದೆ, ವಾಪಸ್ ಹೋಗುವ ಟಿಕೆಟ್ ತಪ್ಪಿರುತ್ತದೆ. ರೇಂಜಿಗೆ ಬೇರೆಯದೇ ಒಂದು ಬ್ಯಾಗ್ ಇಟ್ಟುಕೊಳ್ಳಿ, ಜಾಕೆಟ್ಟಿನ ಜೇಬುಗಳನ್ನೂ ಹೊರಡುವ ಮುಂಚೆ ಒಮ್ಮೆ ತಡಕಿ ನೋಡಿ.